ಮೂಗುತಿ ಒಂದಾಗುವ ತನಕ

ಈಚಿನ ಮದುವೆಗಳಲ್ಲಿ ಧಾರೆಯನ್ನು ಕಣ್ಣಾರೆ ಕಂಡವರು ಯಾರೂ ಇರುವುದಿಲ್ಲ. ವಾದ್ಯದವರು ಗಟ್ಟಿಮೇಳಕ್ಕೆ ಏರಿದ್ದೇ ತಡ, ಅಲ್ಲಿಯವರೆಗೆ ಎಲ್ಲಿದ್ದರೋ, ನಾಲ್ಕಾರು ಮಂದಿ ಕಪ್ಪು ಟೀ ಶರ್ಟಿನವರು ಬಂದು ಮಂಟಪದ ಮುಂದೆ ಸಾಲುಗಟ್ಟಿ ನಿಂತುಬಿಡುತ್ತಾರೆ. ಸಭಿಕರು ಕೈಯಲ್ಲಿದ್ದ ಅಕ್ಷತೆಯನ್ನು ಅಂದಾಜಿನ ಮೇಲೆ ಎಸೆಯುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಕ್ಯಾಮೆರಾದವರ ಬೆನ್ನಿಗೇ ಬೀಳುವುದರಿಂದ, ನಮ್ಮ ನಾಡಿನಲ್ಲಿ ಹಿರಿಯರ ಆಶೀರ್ವಾದ ಅತಿ ಹೆಚ್ಚು ಪಡೆದವರು ಯಾರು ಎಂದರೆ ಮದುವೆ ಛಾಯಾಗ್ರಾಹಕರೇ. ಅವರ ಸಂಸಾರಗಳೆಲ್ಲ ನೂರು ಕಾಲ ಚೆನ್ನಾಗಿರಬೇಕು.

ಮದುಮಕ್ಕಳಾದರೂ ನೋಡುತ್ತಾರೆಯೇ ಎಂದರೆ, ಎದುರಿನ ದೀಪಗಳಿಗೆ ಅವರ ಕಣ್ಣು ಕೋರೈಸಿಹೋಗಿರುತ್ತದೆ. ಪುರೋಹಿತರ ಕಣ್ಣು ಗಡಿಯಾರದ ಮೇಲೆ. ಅವರಿಗೆ ಇನ್ನೊಂದು ಛತ್ರದಲ್ಲಿ ಇನ್ನೊಂದು ಮುಹೂರ್ತ. ಉಳಿದವನು ಆ ಛಾಯಾಗ್ರಾಹಕ. ನಮ್ಮೆಲ್ಲರ ಪರವಾಗಿ ಅವನೊಬ್ಬನಾದರೂ ನೋಡಿದನಲ್ಲ ಎಂದು ಸಮಾಧಾನ ಮಾಡಿಕೊಳ್ಳೋಣ ಎಂದರೆ ಅದಕ್ಕೂ ಕಲ್ಲು. ಅವನೂ ನೋಡಿರುವುದಿಲ್ಲ.

ಅವನ ಕೈಯಲ್ಲಿರುವುದು ಡಿಜಿಟಲ್ ಎಸ್‌ಎಲ್‌ಆರ್. ಅದರ ಹೊಟ್ಟೆಯಲ್ಲಿ, ಲೆನ್ಸಿನ ಹಿಂದೆ, ಒಂದು ಕನ್ನಡಿ 45 ಡಿಗ್ರಿ ಓರೆಯಾಗಿ ಕೂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ತಲೆಯ ಮೇಲಿನ ಗೂನಿನೊಳಗಿರುವ ಪೆಂಟಾಪ್ರಿಸಂ ಅದನ್ನು ಕಣ್ಣಿಗೆ ಮುಟ್ಟಿಸುತ್ತದೆ. ಲೆನ್ಸು ಕಂಡದ್ದನ್ನೇ ಕಣ್ಣೂ ಕಾಣುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಗುಂಡಿ ಒತ್ತಿದಾಗ ಆ ಕನ್ನಡಿ ಮೇಲಕ್ಕೆ ಹಾರಿ ದಾರಿ ಬಿಡಲೇಬೇಕು. ಇಲ್ಲದಿದ್ದರೆ ಬೆಳಕು ಸೆನ್ಸರಿಗೆ ತಲುಪುವುದು ಹೇಗೆ? ಅಷ್ಟು ಹೊತ್ತು ವ್ಯೂಫೈಂಡರಿನಲ್ಲಿ ಕತ್ತಲೆ. ಹೆಚ್ಚೇನಿಲ್ಲ, ಸೆಕೆಂಡಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಆದರೆ ಫೋಟೊದಲ್ಲಿ ಮೂಡುವುದು ಆ ಕತ್ತಲೆಯ ಹೊತ್ತಿನಲ್ಲಿ ಹೊರಗೆ ನಡೆದದ್ದು. ಅಂದರೆ ಎಸ್‌ಎಲ್‌ಆರ್ ಹಿಡಿದವನು ತಾನು ತೆಗೆದ ಪ್ರತಿ ಚಿತ್ರದ ಮುಂಚಿನದನ್ನು ನೋಡಿರುತ್ತಾನೆ, ಆಮೇಲಿನದನ್ನು ನೋಡಿರುತ್ತಾನೆ, ಅದೊಂದನ್ನು ಮಾತ್ರ ನೋಡಿರುವುದಿಲ್ಲ. ಅದಕ್ಕೇ ಪ್ರತಿ ಸಲವೂ ಕ್ಯಾಮೆರಾವನ್ನು ಕೆಳಗಿಳಿಸಿ ಬೆನ್ನಿನ ಪರದೆಯಲ್ಲಿ ಇಣುಕುತ್ತಾನೆ. ಆ ಇಣುಕಾಟದಲ್ಲಿ ಮುಂದಿನ ಎರಡು ಕ್ಷಣಗಳೂ ಕೈಬಿಟ್ಟುಹೋಗುತ್ತವೆ. ಆಮೇಲೆ ಮದುಮಗನಿಗೆ, "ಸಾರ್, ಒಂಚೂರು ಮಿಸ್ ಆಯ್ತು, ಇನ್ನೊಂದ್ಸಲ ತಾಳಿ ಹಿಡ್ಕೊಳಿ" ಎನ್ನುತ್ತಾನೆ. ಮದುಮಗ ಹಿಡಿದುಕೊಳ್ಳುತ್ತಾನೆ. ಶಾಸ್ತ್ರದಲ್ಲಿ ಇದಕ್ಕೆ ಪ್ರಾಯಶ್ಚಿತ್ತ ಉಂಟೋ ಇಲ್ಲವೋ, ಆಲ್ಬಮ್ಮಿನಲ್ಲಿ ಜಾಗವಂತೂ ಉಂಟು.

ನನಗೆ ಈ ತಕರಾರು ಹತ್ತಿದ್ದು ನಮ್ಮ ಸೋದರಮಾವನ ಯಾಶಿಕಾ ಎಲೆಕ್ಟ್ರೋ 35 ನನ್ನ ಪಾಲಿಗೆ ಬಂದ ಮೇಲೆ. ಅದೊಂದು ರೇಂಜ್‌ಫೈಂಡರ್ ಕ್ಯಾಮೆರಾ. ಜಪಾನಿನಲ್ಲಿ 1966ರಲ್ಲಿ ಹೊರಬಂದು ಲಕ್ಷಗಟ್ಟಲೆ ಮಾರಾಟವಾದ ಮಾಲು. ಮಾವನಿಗೆ ಅದನ್ನು ಸಿಂಗಪುರದಿಂದ ಯಾರೋ ನೆಂಟರು ತಂದುಕೊಟ್ಟಿದ್ದು. ಆಗ ಶಿವಮೊಗ್ಗದಲ್ಲಿ ನಮ್ಮಂಥವರ ಮನೆಗಳಲ್ಲಿ ಕ್ಯಾಮೆರಾ ಇದ್ದರೆ ಅದು ಆಗ್ಫಾ ಕ್ಲಿಕ್ ತ್ರೀ. ಒಂದು ರೋಲಿಗೆ 12 ಚಿತ್ರ, ಅದರಲ್ಲಿ ಕಣ್ಣು ಮುಚ್ಚಿದವರು ಮೂವರು. ಅಂಥ ಬೀದಿಯಲ್ಲಿ ಯಾಶಿಕಾ ಬಂದದ್ದು ಸಣ್ಣ ಸಂಗತಿಯಲ್ಲ. ಅದರ ಕಂದು ಚರ್ಮದ ಚೀಲದ ಗುಂಡಿ ಬಿಚ್ಚುವಾಗ ಆಗುವ ಶಬ್ದಕ್ಕೇ ಮಕ್ಕಳಾದ ನಾವು ತಲೆ ಬಾಚಿಕೊಂಡು ಓಡುತ್ತಿದ್ದೆವು. ಮಾವ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು, ಮಿತಭಾಷಿ. ಒಂದು ರೋಲಿನ 36 ಚಿತ್ರಗಳನ್ನು ಖರ್ಚು ಮಾಡುವುದರಲ್ಲಿ ಇನ್ನೂ ಮಿತ. ಯುಗಾದಿಗೆ ಹಾಕಿದ ರೋಲಿನ ಕೊನೆಯ ಚಿತ್ರದಲ್ಲಿ ದೀಪಾವಳಿಯ ಭೂಚಕ್ರ ಇರುತ್ತಿತ್ತು.

ರೇಂಜ್‌ಫೈಂಡರಿನ ಒಳಗೆ ಕನ್ನಡಿ ಹಾರುವ ರಾಮಾಯಣ ಇಲ್ಲ. ಕಣ್ಣಿಗೆ ಒಂದು ದಾರಿ, ಫಿಲಮಿಗೆ ಇನ್ನೊಂದು. ಕಣ್ಣು ನೋಡುವುದು ಮೇಲಿನ ಮೂಲೆಯ ಒಂದು ಪುಟ್ಟ ಗಾಜಿನ ಕಿಟಕಿಯಿಂದ. ಲೆನ್ಸಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಾದರೆ ಫೋಕಸ್ ಆಗಿದೆಯೆಂದು ತಿಳಿಯುವುದು ಹೇಗೆ? ಅಲ್ಲೇ ಇರುವುದು ಮಜಾ. ಕ್ಯಾಮೆರಾದ ಮುಖದಲ್ಲಿ ಸ್ವಲ್ಪ ದೂರದಲ್ಲಿ ಇನ್ನೊಂದು ಕಿಟಕಿ ಇದೆ. ಅದರಿಂದ ಬಂದ ಬಿಂಬವನ್ನು ವ್ಯೂಫೈಂಡರಿನ ನಟ್ಟನಡುವಿನ ಹಳದಿ ಚೌಕದಲ್ಲಿ ಮೊದಲನೆಯ ಬಿಂಬದ ಮೇಲೆ ಕೂರಿಸಿರುತ್ತಾರೆ. ಎರಡು ಬೇರೆ ಬೇರೆ ಜಾಗದಿಂದ ನೋಡಿದ್ದರಿಂದ ಎರಡೂ ಹೊಂದುವುದಿಲ್ಲ. ಎದುರಿಗಿರುವವರು ಅಲ್ಲಿ ಇಬ್ಬಿಬ್ಬರಾಗಿ ಕಾಣುತ್ತಾರೆ. ಲೆನ್ಸಿನ ಉಂಗುರ ತಿರುಗಿಸಿದರೆ ಒಳಗಿನ ಸನ್ನೆ ಎರಡನೆಯ ಬಿಂಬವನ್ನು ಪಕ್ಕಕ್ಕೆ ಸರಿಸುತ್ತದೆ. ಎರಡೂ ಒಂದರಲ್ಲೊಂದು ಲೀನವಾದಾಗ ಫೋಕಸ್ ಸರಿ. ನಮ್ಮ ಎರಡು ಕಣ್ಣುಗಳು ದೂರ ಅಳೆಯುವುದೂ ಈ ಲೆಕ್ಕದಲ್ಲೇ. ಲೈಕಾ ಎಂ ಕ್ಯಾಮೆರಾಗಳಲ್ಲಿ ಈ ಎರಡು ಕಿಟಕಿಗಳ ನಡುವಿನ ಅಂತರ ಸುಮಾರು 69 ಮಿಲಿಮೀಟರ್. ಮನುಷ್ಯನ ಎರಡು ಕಣ್ಣುಗಳ ಅಂತರಕ್ಕಿಂತ ಕೊಂಚವೇ ಜಾಸ್ತಿ.

ಮಾವನಿಗೆ ಈ ಲೆಕ್ಕವೆಲ್ಲ ಬೇಕಿರಲಿಲ್ಲ. ಅವರು ಮೂಗುತಿ ನೋಡುತ್ತಿದ್ದರು. ನಮ್ಮ ಅಜ್ಜಿಯದು ಏಳು ಹರಳಿನ ಮೂಗುತಿ. ಬೆಳಕಿಗೆ ಮುಖ ಮಾಡಿದರೆ ಮಿಂಚುತ್ತಿತ್ತು. ಹಳದಿ ಚೌಕದಲ್ಲಿ ಅಜ್ಜಿಗೆ ಎರಡು ಮೂಗು, ಎರಡು ಮೂಗುತಿ. ಮಾವ ತೋರುಬೆರಳಿನಿಂದ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸುವರು. ಮೂಗುತಿಗಳು ಹತ್ತಿರ ಬರುವವು, ಇನ್ನೂ ಹತ್ತಿರ, ದಾಟಿಹೋಗುವವು, ವಾಪಸು. ಎರಡೂ ಸೇರಿ ಒಂದೇ ಮೂಗುತಿಯಾಗಿ ಫಳಕ್ಕೆಂದಾಗ ಸಣ್ಣಗೆ 'ಕ್ಲಿಕ್'. ಹೆಂಗಸರ ಗುಂಪು ಚಿತ್ರ ತೆಗೆಯುವಾಗ ಯಾರ ಮೂಗುತಿ ಚೆನ್ನಾಗಿ ಹೊಳೆಯುತ್ತದೋ ಅವರು ನಡುವೆ. ಇದರಿಂದ ಓರಗಿತ್ತಿಯರ ನಡುವೆ ಹುಟ್ಟಿಕೊಂಡ ಅಸಮಾಧಾನಗಳ ಹಿಂದೆ ದ್ಯುತಿವಿಜ್ಞಾನದ ಕಾರಣವಿತ್ತೆಂದು ಯಾರಿಗೂ ಹೊಳೆದಿರಲಿಲ್ಲ.

ಗಂಡಸರದು ಬೇರೆ ಕಥೆ. ಎರಡು ಕಿಟಕಿಗಳೂ ಅಕ್ಕಪಕ್ಕ ಇರುವುದರಿಂದ ಬಿಂಬ ಸರಿಯುವುದು ಎಡಕ್ಕೆ ಅಥವಾ ಬಲಕ್ಕೆ. ಮೇಲಕ್ಕಾಗಲಿ ಕೆಳಕ್ಕಾಗಲಿ ಅಲ್ಲ. ಹಾಗಾಗಿ ರೇಂಜ್‌ಫೈಂಡರಿಗೆ ಉದ್ದುದ್ದ ಗೆರೆಗಳೆಂದರೆ ಪ್ರೀತಿ, ಅಡ್ಡ ಗೆರೆಗಳೆಂದರೆ ಗಲಿಬಿಲಿ. ಹಣೆಯ ಮೇಲೆ ನಾಮ ಇಟ್ಟ ಶ್ರೀವೈಷ್ಣವರು ಬಂದರೆ ಅರೆಗಳಿಗೆಯಲ್ಲಿ ಫೋಕಸ್. ಅಡ್ಡ ವಿಭೂತಿಯವರು ಬಂದರೆ ಗೆರೆಯ ಮೇಲೆ ಗೆರೆ ಜಾರಿ, ಹೊಂದಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ ಫೋಕಸ್ ಮಾಡಿ ಮತ್ತೆ ಮಲಗಿಸಬೇಕು. ಜಪಾನಿನ ಇಂಜಿನಿಯರುಗಳಿಗೆ ಈ ಪಕ್ಷಪಾತದ ಅರಿವಿತ್ತೆಂದು ನಾನು ಹೇಳಲಾರೆ. ಆದರೆ ಮನೆಯಲ್ಲಿ ಕಟ್ಟಾ ಶೈವರಾದ ನಮ್ಮ ತಾತನ ಫೋಟೊಗಳೆಲ್ಲ ಒಂದು ನಮೂನೆ ಮಸುಕು, ಪಕ್ಕದ ಮನೆಯ ಅಯ್ಯಂಗಾರ್ ಮೇಷ್ಟ್ರು ಮಾತ್ರ ಪ್ರತಿ ಚಿತ್ರದಲ್ಲೂ ಚೂರಿಯಷ್ಟು ಹರಿತ.

ಇವೆಲ್ಲ ಸರಿ, ನನ್ನನ್ನು ನಿಜವಾಗಿ ಮರುಳು ಮಾಡಿದ್ದು ಇನ್ನೊಂದು. ಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಕಾಣುವುದು ಚಿತ್ರದಲ್ಲಿ ಎಷ್ಟು ಬರುತ್ತದೋ ಅಷ್ಟೇ, ಸುತ್ತ ಕಗ್ಗತ್ತಲೆ. ರೇಂಜ್‌ಫೈಂಡರಿನಲ್ಲಿ ಬೀದಿಯೆಲ್ಲ ಕಾಣುತ್ತದೆ. ಅದರ ನಡುವೆ ತೆಳ್ಳನೆಯ ಬೆಳಕಿನ ಗೆರೆಗಳಿಂದ ಒಂದು ಚೌಕಟ್ಟು ತೇಲುತ್ತಿರುತ್ತದೆ. ಒಳಗಿರುವುದು ಚಿತ್ರ, ಹೊರಗಿರುವುದು ಚಿತ್ರಕ್ಕೆ ಬರಬಹುದಾದ್ದು. ಜಗಲಿಯ ಮೇಲೆ ಕೂತು ಬೀದಿ ನೋಡಿದ ಹಾಗೆ: ತಿರುವಿನಲ್ಲಿ ಯಾರು ಬರುತ್ತಿದ್ದಾರೆ, ಮಾತನಾಡಿಸಬೇಕೋ ಒಳಗೆ ಎದ್ದುಹೋಗಬೇಕೋ ಎಂದು ತೀರ್ಮಾನಿಸಲು ಸಮಯವಿರುತ್ತದೆ.

ನಮ್ಮಲ್ಲಿ ಒಂದು ಚಿತ್ರವಿದೆ. ಅಜ್ಜಿ ಬಳೆಗಾರನ ಎದುರು ಕೂತು ಕೈ ಕೊಟ್ಟಿದ್ದಾಳೆ. ಅವನು ಅವಳ ಅಂಗೈಯನ್ನು ಹಿಚುಕಿ ಹಸಿರು ಬಳೆ ಏರಿಸುತ್ತಿದ್ದಾನೆ. ಅಜ್ಜಿಯ ಮುಖದಲ್ಲಿ ಅರ್ಧ ನೋವು, ಅರ್ಧ ಚೌಕಾಸಿ. ಎಡ ಅಂಚಿನಲ್ಲಿ, ಬಾಗಿಲು ದಾಟುತ್ತಿರುವ ಅತ್ತೆಯ ಒಂದು ಕಾಲು, ಸೀರೆಯ ನಿರಿಗೆ, ಮುಂದೆ ಚಾಚಿದ ಕೈಯಲ್ಲಿ ನೀರಿನ ತಂಬಿಗೆ. ಇಷ್ಟೇ. ಅತ್ತೆಯ ಮುಖವೇ ಇಲ್ಲ. ಆದರೆ ಆ ತಂಬಿಗೆ ಇಲ್ಲದಿದ್ದರೆ ಅದು ಬರೀ ಬಳೆಗಾರನ ಚಿತ್ರವಾಗುತ್ತಿತ್ತು. ತಂಬಿಗೆ ಇರುವುದರಿಂದ ಅದು ನಮ್ಮ ಮನೆ. ಇಷ್ಟು ಕರಾರುವಾಕ್ಕಾಗಿ ಹೇಗೆ ಸಿಕ್ಕಿತು ಎಂದು ಕೇಳಿದ್ದಕ್ಕೆ ಮಾವ, "ಬರ್ತಾ ಇದ್ಳಲ್ಲ, ಕಾಣ್ತಿತ್ತು" ಎಂದಿದ್ದರು. ನಾನು ಆಗ ಅದನ್ನು ಮಾವನ ವಿನಯ ಎಂದುಕೊಂಡಿದ್ದೆ. ಅದು ಯಾಶಿಕಾದ ಗುಣ.

ಈ ಕ್ಯಾಮೆರಾ ಕುಲದ ಮೂಲಪುರುಷ ಆಸ್ಕರ್ ಬಾರ್ನಾಕ್ ಎಂಬ ಜರ್ಮನ್. ವೆಟ್ಸ್‌ಲಾರ್ ಎಂಬ ಊರಿನ ಅರ್ನ್‌ಸ್ಟ್ ಲೈಟ್ಸ್ ಕಾರ್ಖಾನೆಯಲ್ಲಿ ಸೂಕ್ಷ್ಮದರ್ಶಕ ಮಾಡುವವರ ನಡುವೆ ಕೆಲಸಕ್ಕಿದ್ದ. ಮನುಷ್ಯನಿಗೆ ಉಬ್ಬಸ, ಆ ಕಾಲದ ಮಣಭಾರದ ಪ್ಲೇಟ್ ಕ್ಯಾಮೆರಾ ಹೊತ್ತು ಗುಡ್ಡ ಹತ್ತಲಾರ. ಸಿನಿಮಾದ 35 ಮಿಲಿಮೀಟರ್ ಫಿಲಮನ್ನು ಅಡ್ಡಲಾಗಿ ಓಡಿಸಿ ಜೇಬಿಗೆ ಹೋಗುವ ಕ್ಯಾಮೆರಾ ಮಾಡಿದರೆ ಹೇಗೆ ಎಂದು ಯೋಚಿಸಿ 1914ರ ಹೊತ್ತಿಗೆ ಒಂದನ್ನು ಮಾಡಿಯೇಬಿಟ್ಟ. ಅಷ್ಟರಲ್ಲಿ ಮಹಾಯುದ್ಧ. ಅದು ಲೈಕಾ ಎಂಬ ಹೆಸರಿನಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅಂಗಡಿಗೆ ಬಂದದ್ದು 1925ರಲ್ಲಿ. ಮೊದಲ ಲೈಕಾದಲ್ಲಿ ರೇಂಜ್‌ಫೈಂಡರ್ ಇರಲಿಲ್ಲ. ದೂರವನ್ನು ಕಣ್ಣಳತೆಯಲ್ಲಿ ಊಹಿಸಬೇಕಿತ್ತು. ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್ ಬಂದದ್ದು 1932ರಲ್ಲಿ, ಅದೇ ವರ್ಷ ಎದುರಾಳಿ ಜೈಸ್ ಕಂಪನಿಯವರು ಕಾಂಟ್ಯಾಕ್ಸ್ ತಂದರು. 1954ರ ಲೈಕಾ ಎಂ3 ಈ ಜಾತಿಯ ಶಿಖರ. ಅದರ ವ್ಯೂಫೈಂಡರಿನಲ್ಲಿ ವಸ್ತುಗಳು ಹೆಚ್ಚು ಕಡಿಮೆ ನಿಜದ ಗಾತ್ರದಲ್ಲೇ ಕಾಣುವುದರಿಂದ ಇನ್ನೊಂದು ಕಣ್ಣನ್ನು ಮುಚ್ಚುವ ಅಗತ್ಯವೇ ಇಲ್ಲ. ಎರಡೂ ಕಣ್ಣು ತೆರೆದಿಟ್ಟರೆ ಕ್ಯಾಮೆರಾ ಮಾಯವಾಗಿ ಲೋಕದ ಮೇಲೆ ಒಂದು ಬೆಳಕಿನ ಚೌಕಟ್ಟು ಮಾತ್ರ ತೂಗುತ್ತಿರುತ್ತದೆ. ಒಬ್ಬ ಗೆಳೆಯರ ಎಂ3ಯನ್ನು ಒಮ್ಮೆ ಕಣ್ಣಿಗೆ ಹಿಡಿದಿದ್ದೆ. ವಾಪಸು ಕೊಡುವುದು ಕಷ್ಟವಾಯಿತು. ಅವರಿಗೆ ಅದು ಗೊತ್ತಿದ್ದರಿಂದ ಪಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ಇವತ್ತಿನ ಎಸ್‌ಎಲ್‌ಆರ್ ದೊಡ್ಡಮನೆಗಳೆರಡೂ ರೇಂಜ್‌ಫೈಂಡರ್ ಕುಲದಲ್ಲೇ ಹುಟ್ಟಿದವು. ಕ್ಯಾನನ್ ಕಂಪನಿಯ ಮೂಲದಲ್ಲಿರುವುದು 1934ರಲ್ಲಿ ಲೈಕಾವನ್ನು ನೋಡಿಕೊಂಡು ಮಾಡಿದ ಕ್ವಾನನ್ ಎಂಬ ಮಾದರಿ. ನಿಕಾನ್ ಕೂಡ 1948ರಲ್ಲಿ ಶುರು ಮಾಡಿದ್ದು ರೇಂಜ್‌ಫೈಂಡರಿನಿಂದಲೇ. ಆಮೇಲೆ 1959ರಲ್ಲಿ ತನ್ನದೇ ಎಸ್‌ಪಿ ರೇಂಜ್‌ಫೈಂಡರಿನ ಮೈಯಲ್ಲಿ ಕನ್ನಡಿಯ ಪೆಟ್ಟಿಗೆ ಕೂರಿಸಿ ನಿಕಾನ್ ಎಫ್ ಎಂಬ ಎಸ್‌ಎಲ್‌ಆರ್ ಮಾಡಿತು. ಅಲ್ಲಿಗೆ ಪತ್ರಿಕಾ ಛಾಯಾಗ್ರಾಹಕರ ಹೆಗಲಿನಿಂದ ರೇಂಜ್‌ಫೈಂಡರ್ ಇಳಿಯತೊಡಗಿತು.

ಇಳಿದದ್ದು ಅನ್ಯಾಯವೇನಲ್ಲ. ರೇಂಜ್‌ಫೈಂಡರಿಗೆ 135 ಮಿಲಿಮೀಟರಿನಾಚೆ ಲೆನ್ಸೇ ಒಗ್ಗುವುದಿಲ್ಲ. ಅಷ್ಟು ದೂರವನ್ನು ಆ ಪುಟ್ಟ ಕಿಟಕಿಗಳು ಅಳೆಯಲಾರವು. ನಮ್ಮ ನಾಡಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಕಾಡುಪ್ರಾಣಿಗಳ ಬೆನ್ನುಹತ್ತಿದ್ದು ಈ ಉಪಕರಣದಿಂದ ಆಗುವ ಕೆಲಸವಲ್ಲ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಗಂಟೆಗಟ್ಟಲೆ ಕಾದ ತೇಜಸ್ವಿಯವರ ಕೈಗೆ ಯಾರಾದರೂ ರೇಂಜ್‌ಫೈಂಡರ್ ಕೊಟ್ಟಿದ್ದರೆ ಕನ್ನಡಕ್ಕೆ ಕಾಫಿ ಗಿಡಗಳ ಕುರಿತು ಒಂದು ಒಳ್ಳೆಯ ಸಚಿತ್ರ ಪುಸ್ತಕ ಸಿಗುತ್ತಿತ್ತು. ಅದರ ಮೂವತ್ತಾರು ಪುಟಗಳಲ್ಲೂ ಎಲ್ಲೋ ಮೂಲೆಯಲ್ಲಿ ಚುಕ್ಕೆಯಷ್ಟು ಹಕ್ಕಿ. ತೀರಾ ಹತ್ತಿರಕ್ಕೂ ಅದು ಬರುವುದಿಲ್ಲ. ಯಾಶಿಕಾವಂತೂ ಅರ್ಧ ಮಾರು ದೂರದಿಂದ ಈಚೆ ಬಂದರೆ ಮುಖ ತಿರುಗಿಸುತ್ತದೆ. ತೀರಾ ದೂರ ಬೇಡ, ತೀರಾ ಸಲಿಗೆ ಬೇಡ, ಎದುರು ಬದುರು ಕೂತು ಮಾತನಾಡುವಷ್ಟು ಅಂತರ ಅದರ ಸ್ವಭಾವ. ನಮ್ಮ ಮಾವನದೂ ಅದೇ ಸ್ವಭಾವವಾಗಿತ್ತು.

ಇನ್ನು ಲೆನ್ಸಿನ ಮುಚ್ಚಳ. ಎಸ್‌ಎಲ್‌ಆರ್‌ನಲ್ಲಿ ಮುಚ್ಚಳ ತೆಗೆಯದಿದ್ದರೆ ಕಪ್ಪಗೆ ಕಾಣುತ್ತದೆ, ದಡ್ಡನಿಗೂ ಗೊತ್ತಾಗುತ್ತದೆ. ರೇಂಜ್‌ಫೈಂಡರಿನ ಕಿಟಕಿಗೆ ಮುಚ್ಚಳದ ಪರಿವೆಯೇ ಇಲ್ಲ. ಲೋಕವೆಲ್ಲ ಝಗಮಗ ಕಾಣುತ್ತಿರುತ್ತದೆ, ಮೂಗುತಿಗಳು ಒಂದಾಗುತ್ತಿರುತ್ತವೆ, ಯಾಶಿಕಾದ ಬೆಳಕಿನ ಮಾಪಕ ಕೂಡ ಲೆನ್ಸಿನಾಚೆ ಮೈಮೇಲೆ ಇರುವುದರಿಂದ ಎಲ್ಲ ಸರಿಯಿದೆಯೆಂದು ತಲೆದೂಗುತ್ತದೆ, ಫಿಲಮಿಗೆ ಮಾತ್ರ ಅಮಾವಾಸ್ಯೆ. ನೆಂಟರೊಬ್ಬರ ಗೃಹಪ್ರವೇಶ ಇಡೀ ಹೀಗೆ ಮಾವನ ಯಾಶಿಕಾದಲ್ಲಿ ಮುಚ್ಚಳದ ಹಿಂದೆ ನಡೆದುಹೋಯಿತು. ಸ್ಟುಡಿಯೋದವರು ತೊಳೆದ ರೋಲನ್ನು ಹಾಗೇ ಸುರುಳಿ ಸುತ್ತಿ ಕೊಟ್ಟರು. ನೆಂಟರು ಬಹಳ ಕಾಲ ಮುನಿಸಿಕೊಂಡಿದ್ದರು. ವಿಚಿತ್ರವೆಂದರೆ, ಆ ದಿನ ಯಾರು ಬಂದಿದ್ದರು, ಹಸು ಮನೆಯೊಳಗೆ ಕಾಲಿಡಲು ಹೇಗೆ ಹಟ ಮಾಡಿತು, ಹಾಲು ಉಕ್ಕುವ ಹೊತ್ತಿಗೆ ಯಾರು ಸೀನಿದರು, ಎಲ್ಲವನ್ನೂ ಮಾವ ಕೊನೆಯವರೆಗೂ ಬಣ್ಣಿಸಿ ಹೇಳುತ್ತಿದ್ದರು. ಚಿತ್ರಗಳು ಬಂದಿದ್ದ ಸಮಾರಂಭಗಳ ಬಗ್ಗೆ ಅಷ್ಟು ಹೇಳಿದ್ದನ್ನು ನಾನು ಕೇಳಿಲ್ಲ.

ಹಾನ್ರಿ ಕಾರ್ತಿಯೇ ಬ್ರೆಸಾನ್ ಹೆಸರನ್ನು ತೆಗೆಯದೆ ಲೈಕಾದ ಮಾತು ಮುಗಿಸಲಾಗದು. ತನ್ನ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಓಡಾಡುತ್ತಿದ್ದ ಫ್ರೆಂಚ್ ಛಾಯಾಗ್ರಾಹಕ. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯನ್ನು ಕಂಡು ತನ್ನ ಚಿತ್ರಗಳ ಪುಸ್ತಕ ತೋರಿಸಿ ಹೊರಬಿದ್ದಿದ್ದ. ಆ ಸಂಜೆಯೇ ಗಾಂಧೀಜಿ ಇಲ್ಲವಾದರು. ಗೇಟಿನ ಮೇಲೆ ನಿಂತು ನೆಹರೂ ಆ ಸುದ್ದಿ ಹೇಳುತ್ತಿರುವ ಮಬ್ಬುಗತ್ತಲೆಯ ಚಿತ್ರ ಅವನದೇ. ಆದರೆ ನನಗೆ ಅವನ ಬಗ್ಗೆ ಹೆಚ್ಚು ಪ್ರಿಯವಾದದ್ದು ಅವನು ತೆಗೆಯದ ಒಂದು ಚಿತ್ರ. 1950ರ ಏಪ್ರಿಲ್ 14ರ ರಾತ್ರಿ ಅವನು ತಿರುವಣ್ಣಾಮಲೈಯಲ್ಲಿದ್ದ. ರಮಣ ಮಹರ್ಷಿಗಳ ಅಂತ್ಯಕಾಲ. ಹೊರಗೆ ನಿಂತಿದ್ದವನಿಗೆ ಬಾಲವಿರುವ ಒಂದು ಉಲ್ಕೆ ಆಕಾಶದಲ್ಲಿ ನಿಧಾನವಾಗಿ ಸಾಗಿ ಅರುಣಾಚಲದ ಹಿಂದೆ ಮರೆಯಾದದ್ದು ಕಂಡಿತು. ಗಡಿಯಾರ ನೋಡಿಕೊಂಡರೆ 8 ಗಂಟೆ 47 ನಿಮಿಷ. ಆಶ್ರಮಕ್ಕೆ ಓಡಿದ; ಮಹರ್ಷಿಗಳು ಆ ನಿಮಿಷದಲ್ಲೇ ತೀರಿಕೊಂಡಿದ್ದರು. ಲೋಕದ ಅತಿ ಚುರುಕು ಕೈಯ ಲೈಕಾದವನು ಅಲ್ಲೇ ನಿಂತಿದ್ದ, ಉಲ್ಕೆಯೂ ಆತುರಪಡಲಿಲ್ಲ, ಆದರೂ ಚಿತ್ರವಿಲ್ಲ. ಅವನು ಸುಮ್ಮನೆ ನೋಡಿದ, ಆಮೇಲೆ ಹೇಳಿದ. ಇವತ್ತು ಅಲ್ಲಿ ನಮ್ಮಂಥವರು ನಿಂತಿದ್ದರೆ ತಲೆ ಬಗ್ಗಿಸಿ ಐಎಸ್‌ಒ ಏರಿಸುತ್ತಿದ್ದೆವು. ಉಲ್ಕೆ ಬೆಟ್ಟದ ಹಿಂದೆ ಹೋಗಿರುತ್ತಿತ್ತು.

ಡಿಜಿಟಲ್ ಎಸ್‌ಎಲ್‌ಆರ್ ನನ್ನಲ್ಲೂ ಇದೆ. ಅದನ್ನು ಹಳಿಯಲು ನನಗೆ ಕಾರಣಗಳಿಲ್ಲ. ಕತ್ತಲೆಯಲ್ಲೂ ತೆಗೆಯುತ್ತದೆ, ಸೆಕೆಂಡಿಗೆ ಹಲವಾರು ಚಿತ್ರ ಹೊಡೆಯುತ್ತದೆ, ವಿಭೂತಿಗೂ ನಾಮಕ್ಕೂ ಭೇದವೆಣಿಸದೆ ಫೋಕಸ್ ಮಾಡುತ್ತದೆ. ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಒನಕೆ ಓಬವ್ವನ ಪಾತ್ರ ಮಾಡಿದಾಗ ಮೊದಲ ಸಾಲಿನಲ್ಲಿ ಮಂಡಿಯೂರಿ ಇಡೀ ದೃಶ್ಯವನ್ನು ಪಟಪಟನೆ ಹಿಡಿದೆ. ಕಿಂಡಿಯಿಂದ ತೂರಿಬಂದ ಹೈದರಾಲಿಯ ಸೈನಿಕರೆಲ್ಲ ಮೂರನೇ ತರಗತಿಯವರು, ಒನಕೆ ಥರ್ಮಾಕೋಲಿನದು. ರಾತ್ರಿ ಮಗಳು ಕೇಳಿದಳು, "ಅಪ್ಪಾ, ನಾನು ಒನಕೆ ಎತ್ತಿದಾಗ ಎಲ್ರೂ ಚಪ್ಪಾಳೆ ಹೊಡೆದ್ರಾ, ನಕ್ರಾ?" ನನ್ನ ಬಳಿ ಆ ಒನಕೆ ಏಳುವುದರ, ಇಳಿಯುವುದರ ಸಾಲು ಸಾಲು ಚಿತ್ರಗಳಿದ್ದವು, ಥರ್ಮಾಕೋಲಿನ ಬಿಳಿ ಕಾಳುಗಳು ಗಾಳಿಯಲ್ಲಿ ಹಾರಿದ್ದು ಕೂಡ ಒಂದರಲ್ಲಿ ಎಣಿಸಬಹುದಿತ್ತು. ಅವಳ ಪ್ರಶ್ನೆಗೆ ಉತ್ತರ ಅವುಗಳಲ್ಲಿ ಇರಲಿಲ್ಲ. ಹೆಂಡತಿ ಹಿಂದಿನ ಸಾಲಿನಲ್ಲಿ ಬರಿಗೈಲಿ ಕೂತಿದ್ದಳು. "ಮೊದ್ಲು ನಕ್ರು, ಆಮೇಲೆ ಚಪ್ಪಾಳೆ" ಎಂದಳು.

ಯಾಶಿಕಾ ನನ್ನ ಕೈಗೆ ಬಂದಾಗ ಉಸಿರಿರಲಿಲ್ಲ. ಅದಕ್ಕೆ ಬೇಕಾದ್ದು 5.6 ವೋಲ್ಟಿನ ಪಾದರಸದ ಬ್ಯಾಟರಿ. ಪಾದರಸ ವಿಷವೆಂದು ಅಂಥ ಬ್ಯಾಟರಿಗಳನ್ನು ಲೋಕವೇ ಕೈಬಿಟ್ಟಿದೆ. ಬ್ಯಾಟರಿ ಇಲ್ಲದಿದ್ದರೆ ಎಲೆಕ್ಟ್ರೋ ಒಂದೇ ವೇಗದಲ್ಲಿ, ಸೆಕೆಂಡಿನ ಐನೂರರಲ್ಲೊಂದು ಭಾಗದಲ್ಲಿ, ಕಣ್ಣು ಮಿಟುಕಿಸಿ ಸುಮ್ಮನಾಗುತ್ತದೆ. ಬೆಂಗಳೂರಿನ ಪೇಟೆ ಗಲ್ಲಿಯೊಂದರಲ್ಲಿ ಮಹಡಿ ಮೇಲೆ ಕೂತು ಹಳೆಯ ಕ್ಯಾಮೆರಾ ರಿಪೇರಿ ಮಾಡುವವರು ಇದ್ದಾರೆಂದು ಕೇಳಿ ಹೋದೆ. ವಯಸ್ಸಾದವರು. ಕ್ಯಾಮೆರಾ ತೆಗೆದುಕೊಂಡು ನೋಡಲಿಲ್ಲ, ಕಿವಿಗೆ ಹಿಡಿದರು. ಸನ್ನೆ ಎಳೆದರು. "ಟಕ್ ಅನ್ನಬೇಕು. ಅನ್ತಿಲ್ಲ" ಎಂದರು.

ಮೇಲಿನ ತಗಡು ಬಿಚ್ಚಿದಾಗ ರೋಗ ಸಿಕ್ಕಿತು. ಸಾಸಿವೆಗಿಂತ ತುಸು ದೊಡ್ಡ ಒಂದು ರಬ್ಬರು ಮೆತ್ತೆ, ವಯಸ್ಸಾಗಿ ಕರಗಿ ಅಂಟಾಗಿತ್ತು. ಒಳಗಿನ ಒಂದು ಸನ್ನೆ ಆ ಮೆತ್ತೆಯ ಮೇಲೆ ಬಂದು ಕೂತರೆ ಮಾತ್ರ ಶಟರಿನ ವಿದ್ಯುತ್ ಮಂಡಲ ಸರಿಯಾಗಿ ಕೂಡಿಕೊಳ್ಳುವುದು. ಎಲೆಕ್ಟ್ರೋಗಳೆಲ್ಲ ಕೊನೆಗೆ ಸಾಯುವುದು ಇದೇ ಮೆತ್ತೆಯಿಂದಂತೆ. ಅವರು ಡ್ರಾಯರಿನಲ್ಲಿದ್ದ ರಬ್ಬರಿನ ಚೂರೊಂದನ್ನು ಬ್ಲೇಡಿನಿಂದ ಕೊಯ್ದು, ಚಿಮುಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸಿದರು. ಬ್ಯಾಟರಿಯ ಜಾಗಕ್ಕೆ ಗಡಿಯಾರದಂಗಡಿಯಲ್ಲಿ ಸಿಗುವ ನಾಲ್ಕು ಗುಂಡಿ ಸೆಲ್ಲುಗಳನ್ನು ಕಾಗದದ ಸುರುಳಿಯಲ್ಲಿ ಪೇರಿಸಿ, ಹಿಂದೊಂದು ಸ್ಪ್ರಿಂಗ್ ಇಟ್ಟರು. ಸನ್ನೆ ಎಳೆದರು. ಟಕ್. ಕಿಟಕಿಯ ಕಡೆ ಹಿಡಿದು ಗುಂಡಿಯನ್ನು ಅರ್ಧ ಒತ್ತಿದರೆ ಕೆಂಪು ಬಾಣ ಹೊತ್ತಿತು: ಬೆಳಕು ಜಾಸ್ತಿಯಾಯಿತು ಎಂದು. ಮೇಜಿನ ಕೆಳಗೆ ತೋರಿಸಿದರೆ ಹಳದಿ: ಕೈ ನಡುಗೀತು ಜೋಕೆ ಎಂದು. ಇದರ ಬೋಧನೆ ಅಷ್ಟೇ. ನನ್ನ ಎಸ್‌ಎಲ್‌ಆರ್‌ನ ಮೆನುವಿನಲ್ಲಿ ಇನ್ನೂ ನಾನು ಕಾಲಿಡದ ಓಣಿಗಳಿವೆ.

ಹಣವಿರುವವರಿಗೆ ಇಷ್ಟು ಒದ್ದಾಟ ಬೇಕಿಲ್ಲ. ಡಿಜಿಟಲ್ ರೇಂಜ್‌ಫೈಂಡರುಗಳೂ ಬಂದಿವೆ. ಮೊದಲು ತಂದದ್ದು, 2004ರಲ್ಲಿ, ಪ್ರಿಂಟರುಗಳಿಗೆ ಹೆಸರಾದ ಎಪ್ಸನ್ ಕಂಪನಿ. ಅದರಲ್ಲಿ ಫಿಲಮಿಲ್ಲ, ಆದರೂ ಪ್ರತಿ ಚಿತ್ರಕ್ಕೂ ಶಟರನ್ನು ಸನ್ನೆ ಎಳೆದು ಸಜ್ಜು ಮಾಡಬೇಕಿತ್ತು. ಲೈಕಾ 2006ರಲ್ಲಿ ಎಂ8 ತಂದಿತು. 2016ರಲ್ಲಿ ಬೆನ್ನಿನ ಪರದೆಯನ್ನೇ ಕಿತ್ತುಹಾಕಿ ಎಂ-ಡಿ ಎಂಬುದನ್ನು ಮಾರಿತು. ತೆಗೆದದ್ದನ್ನು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ನೋಡಿಕೊಳ್ಳಬೇಕು. 2018ರ ಎಂ10-ಡಿಗೆ ಇನ್ನೂ ಮುಂದೆ ಹೋಗಿ ಫಿಲಮ್ ಎಳೆಯುವ ಸನ್ನೆಯನ್ನು ಹೋಲುವ ಒಂದು ಸನ್ನೆ ಕೊಟ್ಟರು. ಅದು ಏನನ್ನೂ ಎಳೆಯುವುದಿಲ್ಲ. ಹೆಬ್ಬೆರಳಿಗೆ ಆಸರೆ, ಅಷ್ಟೇ. ಇವುಗಳ ಬೆಲೆ ಲಕ್ಷಗಳಲ್ಲಿ. ಇಣುಕುವ ಚಪಲವನ್ನು ಬಿಡಿಸಲು ಅಷ್ಟು ತೆರಬೇಕಾಗಿ ಬಂದಿದೆ. ನಮ್ಮ ಮಾವ ಅದನ್ನು ಪುಕ್ಕಟೆ ಬಿಟ್ಟಿದ್ದರು, ಅವರಿಗೆ ಬೇರೆ ದಾರಿ ಇರಲಿಲ್ಲವಾದರೂ.

ಅಕ್ಕನ ಮಗ ಇಂಜಿನಿಯರು, ಮಿರರ್‌ಲೆಸ್ ಇಟ್ಟಿದ್ದಾನೆ. "ಮಾಮಾ, ನಿನ್ನ ಕನ್ನಡಿ ಕಥೆ ಎಲ್ಲ ಮುಗೀತು. ಇದ್ರಲ್ಲಿ ಕನ್ನಡೀನೇ ಇಲ್ಲ, ಕತ್ತಲೇನೂ ಇಲ್ಲ" ಎಂದ. ನಿಜ. ಎಸ್‌ಎಲ್‌ಆರ್ ಕಾಲವೂ ಮುಗಿಯುತ್ತ ಬಂತು. ಕ್ಯಾನನ್ ತನ್ನ ವೃತ್ತಿಪರ ಎಸ್‌ಎಲ್‌ಆರ್ ಸಾಲಿನ ಕೊನೆಯದನ್ನು 2020ರಲ್ಲಿ ತಂದು ಮಿರರ್‌ಲೆಸ್ ಕಡೆ ತಿರುಗಿತು. ನನ್ನ ಬೀರುವಿನಲ್ಲಿ ಈಗ ಎಸ್‌ಎಲ್‌ಆರ್ ಕೂಡ ಯಾಶಿಕಾದ ಪಕ್ಕದಲ್ಲಿ ಹಿರಿಯ ನಾಗರಿಕನಾಗಿ ಕೂತಿದೆ, ಇಬ್ಬರಿಗೂ ಮಾತಿಲ್ಲ. ಹುಡುಗನ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೆ. ಒಳಗೊಂದು ಪುಟ್ಟ ಟೀವಿ. ಎದುರಿಗೆ ನಿಂತ ಅಕ್ಕ ಅದರಲ್ಲಿ ಎದುರಿಗಿರುವುದಕ್ಕಿಂತ ತುಸು ಬೆಳ್ಳಗೆ, ಸೀರೆ ತುಸು ಕೆಂಪಗೆ. ಅವಳ ಕಣ್ಣಿನ ಮೇಲೆ ಒಂದು ಹಸಿರು ಚೌಕ ತಾನಾಗಿ ಬಂದು ಕೂತು, ಅವಳು ಅಡುಗೆಮನೆಗೆ ಹೋದರೂ ಬಿಡದೆ ಬೆನ್ನುಹತ್ತಿತು. ಬಲು ಜಾಣ ಕ್ಯಾಮೆರಾ. ನಾನು ಕಣ್ಣು ತೆಗೆದು ಅಕ್ಕನನ್ನೇ ನೋಡಿದೆ.

ಈಗ ಹಬ್ಬಹರಿದಿನಗಳಲ್ಲಿ ಯಾಶಿಕಾ ಹೆಗಲಿಗೇರುತ್ತದೆ. ಮುಕ್ಕಾಲು ಕೆ.ಜಿ. ತೂಕ, ಹಗುರವೆಂದು ಸುಳ್ಳು ಹೇಳಲಾರೆ. ಬಣ್ಣದ ಫಿಲಮ್ ರೋಲೊಂದಕ್ಕೆ ಸಾವಿರ ರೂಪಾಯಿಯ ಆಸುಪಾಸು, ತೊಳೆಸಿ ಸ್ಕ್ಯಾನ್ ಮಾಡಿಸುವುದು ಬೇರೆ. ಒಂದೊಂದು ಕ್ಲಿಕ್ಕಿಗೂ ಒಂದು ಮಸಾಲೆ ದೋಸೆಯ ದುಡ್ಡು ಎಂದು ಹೆಂಡತಿ ಲೆಕ್ಕ ಹಾಕಿದ್ದಾಳೆ. ಅದರಿಂದ ಒಂದು ಉಪಕಾರವಾಗಿದೆ: ಮೂಗುತಿ ಒಂದಾದ ಮೇಲೂ ಗುಂಡಿ ಒತ್ತದೆ ಸುಮ್ಮನೆ ನೋಡುತ್ತ ನಿಲ್ಲುವುದು ರೂಢಿಯಾಗಿದೆ. ಬೇಗ ತೆಗೆಯಿರಿ ಎಂದು ಮಂದಿ ಬೈಯುತ್ತಾರೆ. ಬೈಯುವಾಗ ಮುಖಗಳು ಸಹಜವಾಗಿ ಬರುತ್ತವೆ.

ಮೊನ್ನೆ ಲ್ಯಾಬಿನ ಹುಡುಗ ಫೋನ್ ಮಾಡಿದ್ದ.

"ಸಾರ್, ನಿಮ್ ರೋಲ್ ಸ್ಕ್ಯಾನ್ ಆಗಿ ಲಿಂಕ್ ಕಳ್ಸಿ ತುಂಬಾ ದಿನ ಆಯ್ತು. ನೀವಿನ್ನೂ ಓಪನ್ನೇ ಮಾಡಿಲ್ಲ. ಎಕ್ಸ್‌ಪೈರ್ ಆಗ್ಬಿಡತ್ತೆ."

"ಆಗ್ಲಿ ಬಿಡಪ್ಪ. ನೆಗೆಟಿವ್ ಇದ್ಯಲ್ಲ?"

"ನೆಗೆಟಿವ್ ಬೇಕಾ ಸಾರ್?" ಹುಡುಗನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಎಲ್ರೂ ಬೇಡ ಅಂತಾರೆ. ನಾವು ಎಸ್ದುಬಿಡ್ತೀವಿ."

"ಎಸೀಬೇಡ, ಶನಿವಾರ ಬರ್ತೀನಿ."

"ಸರಿ ಸಾರ್. ಆದ್ರೆ ಫೋಟೋ ಹೇಗೆ ಬಂದಿದೆ ಅಂತ ನೋಡೋಕೆ ಆಸೆ ಆಗಲ್ವಾ ಸಾರ್ ನಿಮ್ಗೆ?"

"ತೆಗಿಯೋವಾಗ್ಲೇ ನೋಡಿದ್ನಲ್ಲಪ್ಪ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹುಡುಗ ಬಹಳ ಮೃದುವಾಗಿ, ಕಿವಿ ಮಂದವಾದ ಹಿರಿಯರೊಡನೆ ಮಾತಾಡುವ ದನಿಯಲ್ಲಿ, ವಾಟ್ಸಾಪ್‌ನಲ್ಲಿ ಲಿಂಕನ್ನು ಒತ್ತುವುದು ಹೇಗೆ ಎಂದು ಒಂದೊಂದೇ ಹೆಜ್ಜೆಯಾಗಿ ವಿವರಿಸತೊಡಗಿದ.